ನಾಲ್ಕು ಔಷಧಕ್ಕೂ ನಿಲ್ಲದ ಎಳೆಗೂಸಿನ ಫಿಟ್ಸ್: ಇನ್ನೇನು ದಾರಿ?

ಪ್ರಶ್ನೆ: ನಾವು ಜಗಳೂರು ತಾಲ್ಲೂಕಿನವರು. ನನ್ನ ಹೆಂಡತಿ ನನ್ನ ಸ್ವಂತ ಅಕ್ಕನ ಮಗಳು. ಹನ್ನೊಂದು ದಿನಗಳ ಹಿಂದೆ ದಾವಣಗೆರೆಯಲ್ಲಿ ಹೆರಿಗೆಯಾಯಿತು. ಸಹಜ ಹೆರಿಗೆ, ಗಂಡು ಮಗು, ತೂಕ 2 ಕೆಜಿ 800 ಗ್ರಾಂ. ಹುಟ್ಟಿದ ಕೂಡಲೇ ಅತ್ತಿತು, ಹಾಲನ್ನೂ ಕುಡಿಯಿತು. ಎರಡನೆಯ ದಿನ ರಾತ್ರಿ ಕಣ್ಣು ಒಂದೇ ಕಡೆ ನೆಟ್ಟು, ಬಾಯಿ ಚಪ್ಪರಿಸುತ್ತಾ, ಎಡಗಾಲನ್ನು ಸೈಕಲ್ ತುಳಿದಂತೆ ಆಡಿಸತೊಡಗಿತು. ಹಸಿವಾಗಿರಬೇಕು ಎಂದುಕೊಂಡೆವು. ಬೆಳಗಿನ ಜಾವ ತುಟಿ ನೀಲಿಗಟ್ಟಿತು. ಅಂದಿನಿಂದ ಮಗು ಗಾಜಿನ ಪೆಟ್ಟಿಗೆಯಲ್ಲಿದೆ. ಸಕ್ಕರೆ, ಕ್ಯಾಲ್ಸಿಯಂ ಸರಿಯಿದೆ, ಬೆನ್ನಿನ ನೀರಿನಲ್ಲಿ ಸೋಂಕಿಲ್ಲ, ಎಂಆರ್‌ಐ ಕೂಡ ಚೆನ್ನಾಗಿದೆ ಎನ್ನುತ್ತಾರೆ. ಫಿನೊಬಾರ್ಬಿಟೋನ್, ಲೆವೆಟಿರಾಸೆಟಮ್, ಫೆನಿಟಾಯಿನ್ ಕೊಟ್ಟಾಯಿತು, ಈಗ ಮಿಡಾಜೊಲಾಮ್ ಡ್ರಿಪ್ ಹಾಕಿದ್ದಾರೆ. ಅರ್ಧ ದಿನ ನಿಲ್ಲುತ್ತದೆ, ಮತ್ತೆ ಬರುತ್ತದೆ. ಎರಡು ವರ್ಷದ ಹಿಂದೆ ನಮ್ಮ ಮೊದಲ ಮಗುವೂ ಹೀಗೆಯೇ ಫಿಟ್ಸ್ ಬಂದು ಒಂಬತ್ತನೆಯ ದಿನ ತೀರಿಕೊಂಡಿತು. ಇದು ಬಾಲಗ್ರಹ, ಬರೆ ಹಾಕಿಸಿದರೆ ಹೋಗುತ್ತದೆ ಎಂದು ಅಕ್ಕ ಹಟ ಹಿಡಿದಿದ್ದಾರೆ. ಗ್ರಹಣದ ದಿನ ಬಸುರಿ ಹೊರಗೆ ಬಂದದ್ದೇ ತಪ್ಪು ಎಂದು ಮನೆಯವರೆಲ್ಲ ನನ್ನ ಹೆಂಡತಿಯನ್ನು ಅನ್ನುತ್ತಿದ್ದಾರೆ. ಏಳು ತಿಂಗಳು ತುಂಬಿದ ಮೇಲೆ ಹೊಟ್ಟೆಯೊಳಗೆ ಮಗು ಗಂಟೆಗಟ್ಟಲೆ ಒಂದೇ ತಾಳದಲ್ಲಿ ಬಿಕ್ಕಳಿಸಿದ ಹಾಗೆ ಕುಣಿಯುತ್ತಿತ್ತು ಎಂದು ಅವಳು ಹೇಳುತ್ತಾಳೆ. ಇಷ್ಟೊಂದು ಔಷಧದಿಂದ ಮಿದುಳು ಹಾಳಾಗುವುದಿಲ್ಲವೇ? ಬೆಂಗಳೂರಿಗೆ ಕರೆದುಕೊಂಡು ಹೋಗಬೇಕೇ? ಉಳಿದರೂ ಬುದ್ಧಿ ಸರಿಯಿರುತ್ತದೆಯೇ? ನಾಮಕರಣ ನಿಲ್ಲಿಸಿದ್ದೇವೆ, ಹೆಸರಿಡಬಹುದೇ ಎಂಬುದನ್ನೂ ತಿಳಿಸಿ.

ಉತ್ತರ: ನಿಮ್ಮ ಪತ್ರ ಕೈಗೆ ಬಂದ ದಿನವೇ ನಿಮ್ಮೊಂದಿಗೆ ಮಾತನಾಡಿದ್ದೇನೆ, ನಿಮ್ಮ ಒಪ್ಪಿಗೆ ಪಡೆದು ಮಗುವನ್ನು ನೋಡುತ್ತಿರುವ ವೈದ್ಯರೊಂದಿಗೂ ಮಾತನಾಡಿದ್ದೇನೆ. ಹನ್ನೊಂದು ದಿನದ ಕೂಸಿನ ಫಿಟ್ಸ್ ಅಚ್ಚಾಗುವ ಉತ್ತರಕ್ಕೆ ಕಾಯುವ ವಿಷಯವಲ್ಲ. ಫೋನಿನಲ್ಲಿ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹೊಳಲ್ಕೆರೆ, ಚಳ್ಳಕೆರೆ, ಹರಪನಹಳ್ಳಿ ಕಡೆಗಳಿಂದ ಇದೇ ಸಂಕಟವನ್ನು ಹೊತ್ತು ನಮ್ಮ ವಾರ್ಡಿನ ಬಾಗಿಲಲ್ಲಿ ನಿಲ್ಲುವ ತಂದೆಯರು ವರ್ಷವರ್ಷವೂ ಇದ್ದಾರೆ. ಅವರಿಗೂ ಇದು ಸಲ್ಲುತ್ತದೆ.

ನೀವು ಕೇಳಿರುವ ಪ್ರಶ್ನೆಗಳು ಐದಾರು. ಅವೆಲ್ಲದರ ಅಡಿಯಲ್ಲಿರುವ ಭಯ ಒಂದೇ: ಮೊದಲನೆಯದು ಹೋದ ದಾರಿಯಲ್ಲೇ ಇದೂ ಹೋಗುತ್ತಿದೆಯೇ? ಇದಕ್ಕೆ ಕಾಗದ ನೋಡಿ ಹೌದು ಅಥವಾ ಇಲ್ಲ ಎನ್ನಲು ನನ್ನಿಂದಾಗದು. ಆದರೆ ಮೂರು ನಾಲ್ಕು ಔಷಧಕ್ಕೆ ಬಗ್ಗದ ಫಿಟ್ಸ್ ಎಂದರೆ ಕೈಚೆಲ್ಲಿ ಕೂರುವ ಹಂತ ಎಂದು ತಿಳಿಯಬೇಡಿ. ಬಹಳ ಸಲ ಅದರ ಅರ್ಥ, ಮೂಲ ಕಾರಣ ಇನ್ನೂ ಕೈಗೆ ಸಿಕ್ಕಿಲ್ಲ ಎಂದಷ್ಟೇ. ಐದನೆಯ ಔಷಧ ಯಾವುದು ಎಂದು ಹುಡುಕುವ ಮೊದಲು ಈ ನಾಲ್ಕು ಯಾಕೆ ಸೋತವು ಎಂದು ಕೇಳಬೇಕು. ಆ ಪ್ರಶ್ನೆಗೆ ನಿಮ್ಮ ಪತ್ರದಲ್ಲೇ ಮೂರು ಸುಳಿವುಗಳಿವೆ. ಅವುಗಳ ಮಾತು ಮುಂದೆ ಬರುತ್ತದೆ.

ಮೊದಲು ಬರೆಯ ವಿಷಯ, ಏಕೆಂದರೆ ಅದು ತುರ್ತಿನದು. ಬಾಲಗ್ರಹ ಎಂಬ ಮಾತನ್ನು ನಾನು ಹಗುರವಾಗಿ ನೋಡುವುದಿಲ್ಲ. ಗ್ರಹ ಎಂದರೆ ಹಿಡಿಯುವುದು. ಏನೋ ಒಂದು ಹಿಡಿದು ಅಲುಗಾಡಿಸಿದಂತೆ ಮಗು ಆಡುವುದನ್ನು ನಮ್ಮ ಹಿರಿಯರು ಸರಿಯಾಗಿಯೇ ಕಂಡು ಹೆಸರಿಟ್ಟಿದ್ದರು. ಹಿಡಿದದ್ದು ಏನು ಎಂದು ತಿಳಿಯುವ ಸಾಧನ ಆಗ ಇರಲಿಲ್ಲ. ಬರೆ ಹಾಕಿದ ಮೇಲೆ ಫಿಟ್ಸ್ ನಿಂತದ್ದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುವವರೂ ಸುಳ್ಳು ಹೇಳುತ್ತಿಲ್ಲ. ಎಳೆಗೂಸಿನ ಒಂದೊಂದು ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಕಬ್ಬಿಣ ಕಾಯಿಸಿ ತರುವಷ್ಟರಲ್ಲಿ ಅದು ನಿಲ್ಲುವ ಹೊತ್ತಾಗಿರುತ್ತದೆ. ಹೆಸರು ಬರೆಗೆ ಬರುತ್ತದೆ. ಮಗುವಿಗೆ ಉಳಿಯುವುದು ಸುಟ್ಟ ಗಾಯ. ಇಷ್ಟು ಎಳೆಯ ಚರ್ಮದ ಗಾಯದಿಂದ ಸೋಂಕು ರಕ್ತಕ್ಕೆ ಇಳಿಯಲು ಬಹಳ ಹೊತ್ತು ಬೇಕಿಲ್ಲ, ರಕ್ತದಿಂದ ಮಿದುಳಿನ ಪೊರೆಗೆ ಇಳಿದರೆ ಅದೇ ಮತ್ತೆ ಫಿಟ್ಸ್ ತರುತ್ತದೆ. ಹೊಟ್ಟೆಯ ಮೇಲೆ ನಾಲ್ಕು ಬರೆ ಹೊತ್ತು ಬಂದ ಎಂಟು ದಿನದ ಹೆಣ್ಣುಕೂಸೊಂದನ್ನು ನಾನು ನೋಡಿಕೊಂಡಿದ್ದೇನೆ. ಅದಕ್ಕೆ ಇದ್ದದ್ದು ಕ್ಯಾಲ್ಸಿಯಂ ಕೊರತೆ ಮಾತ್ರ. ಒಂದು ಗಂಟೆಯಲ್ಲಿ ಹತೋಟಿಗೆ ತರಬಹುದಾದ ತೊಂದರೆ. ಬರೆಯ ಸೋಂಕಿಗೆ ಇಪ್ಪತ್ತು ದಿನ ಆಸ್ಪತ್ರೆಯಲ್ಲಿ ಇಡಬೇಕಾಯಿತು. ನಿಮ್ಮ ಅಕ್ಕನವರಿಗೆ ಇದನ್ನು ಜಗಳ ಮಾಡದೆ ಹೇಳಿ. ಒಂದು ಮೊಮ್ಮಗುವನ್ನು ಮಣ್ಣು ಮಾಡಿ ಬಂದ ಅಜ್ಜಿ ಅವರು. ಏನನ್ನಾದರೂ ಮಾಡಲೇಬೇಕು ಎಂಬ ತಳಮಳ ಅವರದು. ಮಾಡಲು ಅವರಿಗೊಂದು ಕೆಲಸ ಬೇಕು, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ ಹಚ್ಚುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಕೈಯಲ್ಲಿ ಕಬ್ಬಿಣದ ಬೀಗದ ಕೈ ಇಡುವುದು ಇವೂ ಬೇಡ. ಫಿಟ್ಸ್ ಬಂದ ಕೂಸಿಗೆ ನುಂಗುವ ಹಿಡಿತ ಇರುವುದಿಲ್ಲ, ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣುವಿನ ಬೀಜಕಗಳು ವರ್ಷ ತುಂಬದ ಮಕ್ಕಳ ಕರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸಬಲ್ಲವು. ಕರ್ಪೂರದ ವಿಷಯದಲ್ಲಂತೂ ಎಚ್ಚರ: ಶೀತಕ್ಕೆಂದು ಎಣ್ಣೆಯಲ್ಲಿ ಕರಗಿಸಿ ಎದೆಗೆ ತಿಕ್ಕುವ ಕರ್ಪೂರವೇ ಎಳೆಯ ಮಕ್ಕಳಲ್ಲಿ ಫಿಟ್ಸ್ ತರಿಸಬಲ್ಲದು.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬಾಣಂತಿಯ ಊಟಕ್ಕೂ ಇಲ್ಲ, ಅವಳು ನಡೆದದ್ದು ಕೂತದ್ದಕ್ಕೂ ಇಲ್ಲ. ಇದನ್ನು ಅವಳ ಎದುರಿಗೇ, ಮನೆಯವರೆಲ್ಲ ಕೇಳುವಂತೆ ನೀವೇ ಹೇಳಬೇಕು. ಹನ್ನೊಂದು ದಿನದ ಬಾಣಂತಿಯ ಮೇಲೆ ಇಂತಹ ಆರೋಪ ಹೊರಿಸುವುದು ಅನ್ಯಾಯ ಮಾತ್ರವಲ್ಲ, ಅವಳ ಆರೋಗ್ಯಕ್ಕೂ ಹಾನಿ. ಕಾರಣ ವಂಶವಾಹಿಯದ್ದೇ ಆಗಿದ್ದರೂ ಅದು ಒಬ್ಬರಿಂದ ಬಂದದ್ದಲ್ಲ. ಅದನ್ನೂ ಮುಂದೆ ವಿವರಿಸುತ್ತೇನೆ.

ಹುಟ್ಟಿ 28 ದಿನದೊಳಗಿನ ಮಕ್ಕಳ ಫಿಟ್ಸ್ ದೊಡ್ಡವರ ಫಿಟ್ಸ್‌ನಂತೆ ಕಾಣುವುದಿಲ್ಲ. ಕೈಕಾಲು ಸೆಟೆದು ನೊರೆ ಬರುವ ಚಿತ್ರವನ್ನು ಇಲ್ಲಿ ಮರೆಯಬೇಕು. ಬಾಯಿ ಚಪ್ಪರಿಸುವುದು, ಕಣ್ಣು ಒಂದೆಡೆ ನೆಡುವುದು, ಸೈಕಲ್ ತುಳಿತ, ಇದ್ದಕ್ಕಿದ್ದಂತೆ ಉಸಿರು ನಿಂತು ನೀಲಿಯಾಗುವುದು, ಇವೇ ಅದರ ರೂಪ. ನಿಮಗೆ ಹಸಿವಿನಂತೆ ಕಂಡದ್ದರಲ್ಲಿ ನಿಮ್ಮ ತಪ್ಪಿಲ್ಲ. ಹಾಗೆಯೇ ಕೈ ನಡುಗಿದ್ದೆಲ್ಲ ಫಿಟ್ಸ್ ಅಲ್ಲ ಎಂಬುದು ಬೇರೆ ಓದುಗರಿಗೂ ಗೊತ್ತಿರಲಿ. ಸದ್ದಾದರೆ, ಮುಟ್ಟಿದರೆ ಶುರುವಾಗಿ, ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡರೆ ನಿಲ್ಲುವುದು ಬರಿಯ ನಡುಕ. ಹಿಡಿದರೂ ಅಂಗೈಯೊಳಗೆ ಬಡಿದುಕೊಳ್ಳುತ್ತಲೇ ಇದ್ದರೆ ಫಿಟ್ಸ್ ಇರಬಹುದು. ನಿದ್ದೆಯಲ್ಲಿ ಮಾತ್ರ ಕೈಕಾಲು ಚಿಮ್ಮಿ, ಎಬ್ಬಿಸಿದ ಕೂಡಲೇ ನಿಲ್ಲುವುದೂ ಸಾಮಾನ್ಯವಾಗಿ ನಿರುಪದ್ರವಿ. ಆದರೆ ನಡುಗುವ ಮಗುವಿನ ರಕ್ತದ ಸಕ್ಕರೆಯನ್ನು ಒಮ್ಮೆ ನೋಡಿಸಲೇಬೇಕು.

ಕಾರಣಗಳಿಗೆ ಬರೋಣ. ಬದುಕಿ ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದರಿಂದ ಐದು ಮಕ್ಕಳಿಗೆ ಈ ಅವಧಿಯಲ್ಲಿ ಫಿಟ್ಸ್ ಬರುತ್ತದೆ. ಅತಿ ಹೆಚ್ಚು ಕಾಣುವುದು ಹೆರಿಗೆಯ ಹೊತ್ತಿನಲ್ಲಿ ಮಿದುಳಿಗೆ ಆಮ್ಲಜನಕ ಸಾಲದೆ ಆದ ಪೆಟ್ಟು. ಅಂತಹ ಮಕ್ಕಳು ಸಾಮಾನ್ಯವಾಗಿ ಹುಟ್ಟಿದಾಗ ಅಳುವುದಿಲ್ಲ, ಫಿಟ್ಸ್ ಮೊದಲ ದಿನದಲ್ಲೇ ಶುರುವಾಗುತ್ತದೆ. ನಿಮ್ಮ ಮಗು ಅತ್ತಿತು, ಹಾಲು ಕುಡಿಯಿತು, ತೊಂದರೆ ಶುರುವಾದದ್ದು ಎರಡನೆಯ ರಾತ್ರಿ, ಎಂಆರ್‌ಐನಲ್ಲಿ ಪೆಟ್ಟಿನ ಗುರುತಿಲ್ಲ. ಹಾಗಾಗಿ ಅದನ್ನು ಬಹುಮಟ್ಟಿಗೆ ಬದಿಗಿಡಬಹುದು. ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು, ರಕ್ತಸ್ರಾವ, ಮಿದುಳು ಜ್ವರ ಇವುಗಳನ್ನೂ ಸ್ಕ್ಯಾನ್ ಮತ್ತು ಬೆನ್ನಿನ ನೀರು ಬಹುತೇಕ ತಳ್ಳಿಹಾಕಿವೆ. ಬೆನ್ನಿನ ನೀರು ತೆಗೆದರೆ ಕಾಲು ಸ್ವಾಧೀನ ಹೋಗುತ್ತದೆ ಎಂದು ಹೆದರಿ ಆಸ್ಪತ್ರೆ ಬಿಟ್ಟು ಹೋಗುವವರು ಈಗಲೂ ಇದ್ದಾರೆ. ಮಿದುಳಬಳ್ಳಿ ಮುಗಿದ ಜಾಗಕ್ಕಿಂತ ಕೆಳಗೆ ಸೂಜಿ ಹಾಕುತ್ತೇವೆ, ಬಳ್ಳಿಯನ್ನು ಅದು ಮುಟ್ಟುವುದಿಲ್ಲ. ನೀವು ಒಪ್ಪಿಕೊಂಡದ್ದು ಒಳ್ಳೆಯದಾಯಿತು.

ನಮ್ಮ ಭಾಗದಲ್ಲಿ ನಾನು ಮತ್ತೆ ಮತ್ತೆ ಕಾಣುವ, ತಡೆಯಬಹುದಾದ ಕಾರಣಗಳು ಬೇರೆಯೇ ಇವೆ. ಬೇರೆಯವರಿಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೊದಲ ಹಾಲು ಕೆಟ್ಟದ್ದು ಎಂದು ಹಿಂಡಿ ಚೆಲ್ಲಿ, ಮೂರು ದಿನ ಸಕ್ಕರೆ ನೀರು ನೆಕ್ಕಿಸಿದ ಮಗುವಿನ ರಕ್ತದ ಸಕ್ಕರೆ ಕುಸಿಯುತ್ತದೆ. ಆ ಸಕ್ಕರೆ ಗಂಟೆಗಟ್ಟಲೆ ತಳದಲ್ಲೇ ಉಳಿದರೆ ಮಿದುಳಿನ ಹಿಂಭಾಗ, ಅಂದರೆ ನೋಟವನ್ನು ಗ್ರಹಿಸುವ ಭಾಗ, ಶಾಶ್ವತವಾಗಿ ಘಾಸಿಗೊಳ್ಳಬಹುದು. ಎದೆಹಾಲು ಸಾಲದೆಂದು ಹಸುವಿನ ಹಾಲು ಕುಡಿಸಿದರೆ ಅದರಲ್ಲಿರುವ ಹೆಚ್ಚಿನ ರಂಜಕದಿಂದ ವಾರದ ಹೊತ್ತಿಗೆ ಕ್ಯಾಲ್ಸಿಯಂ ಇಳಿಯುತ್ತದೆ. ತಾಯಿಗೆ ವಿಟಮಿನ್ ಡಿ ಕೊರತೆಯಿದ್ದರೆ ಮಗುವಿಗೂ ಅದೇ ಕೊರತೆ. ಚಳ್ಳಕೆರೆ, ಹಿರಿಯೂರಿನ ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಮನೆಯಲ್ಲಿ, ಬಾಣಂತಿ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿ ಮಗುವನ್ನು ಸುತ್ತಿಟ್ಟಾಗ ಹಾಲು ಸಾಲದ ಕೂಸು ಒಣಗುತ್ತದೆ, ರಕ್ತದಲ್ಲಿ ಉಪ್ಪಿನಂಶ ಏರುತ್ತದೆ, ಫಿಟ್ಸ್ ಬರುತ್ತದೆ. ಅದನ್ನು ಅವಸರದಲ್ಲಿ ಇಳಿಸಿದರೂ ಮಿದುಳು ಊದಿಕೊಳ್ಳುತ್ತದೆ, ಎರಡು ದಿನ ತೆಗೆದುಕೊಂಡು ಇಳಿಸಬೇಕು. ಈ ಯಾವ ಮಗುವಿಗೂ ಬೇಕಾದದ್ದು ಫಿಟ್ಸ್ ಔಷಧವಲ್ಲ. ಸಕ್ಕರೆ ಬೇಕಾದವನಿಗೆ ಸಕ್ಕರೆ, ಕ್ಯಾಲ್ಸಿಯಂ ಬೇಕಾದವನಿಗೆ ಕ್ಯಾಲ್ಸಿಯಂ. ಇಳಿದ ಕ್ಯಾಲ್ಸಿಯಂ ಔಷಧಕ್ಕೆ ಏರದಿದ್ದಾಗ ಮೆಗ್ನೀಸಿಯಮ್ ನೋಡಿದ್ದೀರಾ ಎಂದು ಕೇಳಬೇಕು. ಮೆಗ್ನೀಸಿಯಮ್ ತುಂಬದೆ ಕ್ಯಾಲ್ಸಿಯಂ ನಿಲ್ಲುವುದಿಲ್ಲ.

ಇನ್ನು ನಾಲ್ಕು ಔಷಧ ಯಾಕೆ ಸೋತವು ಎಂಬುದು. ಇದನ್ನು ಹೇಳಲು ಭದ್ರಾ ನಾಲೆಯ ತೂಬನ್ನು ನೆನೆಸಿಕೊಳ್ಳಿ. ತೂಬು ಎತ್ತಿದರೆ ನೀರು ಮಟ್ಟ ಹೆಚ್ಚಿರುವ ಕಡೆಯಿಂದ ತಗ್ಗಿನ ಕಡೆಗೆ ಹರಿಯುತ್ತದೆ. ಮಿದುಳಿನ ನರಕೋಶಗಳ ಗೋಡೆಯಲ್ಲೂ ಅಂತಹ ತೂಬುಗಳಿವೆ, ಅವುಗಳಲ್ಲಿ ಹರಿಯುವುದು ಕ್ಲೋರೈಡ್ ಎಂಬ ಲವಣದ ಕಣ. ದೊಡ್ಡವರಲ್ಲಿ ಕ್ಲೋರೈಡ್ ಕೋಶದ ಹೊರಗೆ ಹೆಚ್ಚು, ಒಳಗೆ ಕಡಿಮೆ. ತೂಬು ತೆರೆದರೆ ಅದು ಒಳಗೆ ನುಗ್ಗಿ ಕೋಶವನ್ನು ತಣ್ಣಗಾಗಿಸುತ್ತದೆ. ಫಿನೊಬಾರ್ಬಿಟೋನ್, ಮಿಡಾಜೊಲಾಮ್ ಎರಡೂ ಮಾಡುವುದು ಈ ತೂಬನ್ನು ಹೆಚ್ಚು ತೆರೆಸುವ ಕೆಲಸವನ್ನೇ. ಹುಟ್ಟಿದ ಕೂಸಿನ ಅನೇಕ ನರಕೋಶಗಳಲ್ಲಿ ಕ್ಲೋರೈಡ್ ಒಳಗೇ ಹೆಚ್ಚಿರುತ್ತದೆ. ಅಲ್ಲಿ ತೂಬು ತೆರೆದರೆ ಹರಿವು ಹಿಂದುಮುಂದಾಗುತ್ತದೆ. ಕೋಶ ತಣ್ಣಗಾಗುವ ಬದಲು ಕೆರಳಲೂಬಹುದು. ಮಗು ಬೆಳೆದಂತೆ ಇದು ತಾನಾಗಿ ಸರಿಹೋಗುತ್ತದೆ. ದೊಡ್ಡವರ ಔಷಧ ಕೂಸಿನಲ್ಲಿ ಅರ್ಧಂಬರ್ಧ ಕೆಲಸ ಮಾಡಲು ಇದು ಒಂದು ಕಾರಣ.

ಹಾಗೆಂದು ಫಿನೊಬಾರ್ಬಿಟೋನ್ ಕೊಟ್ಟದ್ದು ತಪ್ಪಲ್ಲ. ಇಷ್ಟೆಲ್ಲ ಇದ್ದರೂ ಎಳೆಗೂಸಿನಲ್ಲಿ ಮೊದಲು ಕೊಡಬೇಕಾದ ಔಷಧ ಅದೇ. ಲೆವೆಟಿರಾಸೆಟಮ್‌ನೊಂದಿಗೆ ಅದನ್ನು ಹೋಲಿಸಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಫಿನೊಬಾರ್ಬಿಟೋನ್ ಪಡೆದ ಶೇ. 80ರಷ್ಟು ಮಕ್ಕಳಲ್ಲಿ ಫಿಟ್ಸ್ 24 ಗಂಟೆ ನಿಂತಿತು; ಲೆವೆಟಿರಾಸೆಟಮ್ ಪಡೆದವರಲ್ಲಿ ಶೇ. 28ರಷ್ಟು ಮಕ್ಕಳಲ್ಲಿ ಮಾತ್ರ. ಹೊಸದು, ಅಡ್ಡಪರಿಣಾಮ ಕಡಿಮೆ ಎಂಬ ಕಾರಣಕ್ಕೆ ಲೆವೆಟಿರಾಸೆಟಮ್ ಅನ್ನೇ ಮೊದಲು ಕೊಡಿ ಎಂದು ಒತ್ತಾಯಿಸುವ ಪೋಷಕರಿಗೆ ನಾನು ಈ ಅಂಕಿಯನ್ನು ತೋರಿಸುತ್ತೇನೆ. ಫಿನೊಬಾರ್ಬಿಟೋನ್ ಹೆಚ್ಚಾದರೆ ಮಗು ಮಂಕಾಗುತ್ತದೆ, ಉಸಿರು ನಿಧಾನವಾಗುತ್ತದೆ, ಆದ್ದರಿಂದಲೇ ಉಸಿರಾಟದ ಯಂತ್ರವನ್ನು ಹತ್ತಿರ ಇಟ್ಟುಕೊಂಡು ಕೊಡುತ್ತೇವೆ. ಫೆನಿಟಾಯಿನ್ ಹೃದಯದ ಬಡಿತವನ್ನು ಕೆಡಿಸಬಲ್ಲದು, ನಿಧಾನವಾಗಿಯೇ ಹೋಗಬೇಕು. ಮಿಡಾಜೊಲಾಮ್ ರಕ್ತದೊತ್ತಡ ಇಳಿಸುತ್ತದೆ. ಔಷಧದಿಂದ ಮಿದುಳು ಹಾಳಾಗುವುದಿಲ್ಲವೇ ಎಂದು ಕೇಳಿದ್ದೀರಿ. ಈ ಔಷಧಗಳು ಸಂಪೂರ್ಣ ನಿರಪಾಯಕಾರಿ ಎಂದು ನಾನು ಹೇಳುವುದಿಲ್ಲ. ತಿಂಗಳುಗಟ್ಟಲೆ ಕೊಡುವ ಫಿನೊಬಾರ್ಬಿಟೋನ್ ಬಗ್ಗೆ ವೈದ್ಯರಲ್ಲಿಯೇ ಆತಂಕವಿದೆ. ಆದರೆ ದಿನಗಟ್ಟಲೆ ಬಿಡದೆ ಬರುವ ಫಿಟ್ಸ್ ಮಾಡುವ ಹಾನಿ ಅದಕ್ಕಿಂತ ದೊಡ್ಡದು. ಈ ಹೊತ್ತಿಗೆ ಔಷಧ ನಿಲ್ಲಿಸುವ ಮಾತು ಬೇಡ.

ನಿಮ್ಮ ವೈದ್ಯರನ್ನು ನೀವು ಇಂದೇ ಕೇಳಬೇಕಾದ ಮೊದಲ ಪ್ರಶ್ನೆ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆ, ಕುರಿತದ್ದು. ಎಳೆಗೂಸುಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ: ಔಷಧ ಕೊಟ್ಟ ಮೇಲೆ ಕೈಕಾಲಿನ ಚಲನೆ ನಿಂತು ಮಗು ಶಾಂತವಾಗಿ ಮಲಗಿದಂತೆ ಕಾಣುತ್ತದೆ, ಮಿದುಳಿನೊಳಗೆ ವಿದ್ಯುತ್ತಿನ ಅಬ್ಬರ ಹಾಗೆಯೇ ಮುಂದುವರಿಯುತ್ತಿರುತ್ತದೆ. ನೀವು ಹೇಳುವ ಅರ್ಧ ದಿನದ ಬಿಡುವು ನಿಜವಾದ ಬಿಡುವೋ, ಕಣ್ಣಿಗೆ ಕಾಣದ ಫಿಟ್ಸೋ ಎಂದು ತಲೆಗೆ ತಂತಿ ಅಂಟಿಸಿ ನೋಡದೆ ಯಾರೂ ಹೇಳಲಾರರು. ಇದಕ್ಕೆ ಇಪ್ಪತ್ತು ನಿಮಿಷದ ಇಇಜಿ ಸಾಲದು. ಗಂಟೆಗಟ್ಟಲೆ, ಸಾಧ್ಯವಾದರೆ ದಿನವಿಡೀ, ವಿಡಿಯೊ ಜೊತೆಗೆ ಇರಬೇಕು. ಆ ಸೌಕರ್ಯ ಎಲ್ಲ ಕಡೆ ಇಲ್ಲ. ಇಲ್ಲದ ಕಡೆ ಹಾಸಿಗೆಯ ಪಕ್ಕದಲ್ಲೇ ಇಡುವ, ಎರಡು ಮೂರು ತಂತಿಗಳ ಚಿಕ್ಕ ಯಂತ್ರವೂ ಸ್ವಲ್ಪಮಟ್ಟಿಗೆ ದಾರಿ ತೋರಿಸುತ್ತದೆ, ಆದರೆ ಚಿಕ್ಕ ಫಿಟ್ಸ್ ಅದರ ಕಣ್ಣು ತಪ್ಪಿಸುತ್ತವೆ.

ಎರಡನೆಯದು ಆ ಮೂರು ಸುಳಿವುಗಳು. ಒಂದೇ ರೀತಿಯಲ್ಲಿ ಹೋದ ಮೊದಲ ಮಗು. ಕಳ್ಳುಬಳ್ಳಿಯೊಳಗಿನ ಮದುವೆ. ಹೊಟ್ಟೆಯಲ್ಲಿದ್ದಾಗಲೇ ಒಂದೇ ತಾಳದ ಕುಣಿತ. ಗರ್ಭದಲ್ಲಿ ಮಗು ಬಿಕ್ಕಳಿಸುವುದು ಸಹಜವೇ, ಕೆಲವು ನಿಮಿಷ ಇದ್ದು ಹೋಗುತ್ತದೆ, ಬೇರೆ ಬಸುರಿಯರು ಇದನ್ನು ಓದಿ ಗಾಬರಿಯಾಗಬಾರದು. ಆದರೆ ಗಂಟೆಗಟ್ಟಲೆ ಬಿಡದೆ ಬಡಿದುಕೊಂಡದ್ದು ನಿಜವಾದರೆ ಅದು ಗರ್ಭದಲ್ಲೇ ಶುರುವಾದ ಫಿಟ್ಸ್ ಇರಬಹುದು. ನಿಮ್ಮ ಹೆಂಡತಿ ಹೇಳಿದ ಈ ಮಾತು ಆಸ್ಪತ್ರೆಯ ದಾಖಲೆಯಲ್ಲಿ ಎಲ್ಲಿಯೂ ಇರಲಿಲ್ಲ. ಯಾರೂ ಅವಳನ್ನು ಕೇಳಿರಲಿಲ್ಲ.

ಈ ಮೂರೂ ಒಟ್ಟಿಗೆ ಇರುವಾಗ ನಾವು ನೆನಪಿಸಿಕೊಳ್ಳಲೇಬೇಕಾದ ಕಾಯಿಲೆ ಒಂದಿದೆ: ಪಿರಿಡಾಕ್ಸಿನ್ ಅವಲಂಬಿತ ಅಪಸ್ಮಾರ. ಪಿರಿಡಾಕ್ಸಿನ್ ಎಂದರೆ ವಿಟಮಿನ್ ಬಿ6, ನಾವೆಲ್ಲ ಊಟದಲ್ಲಿ ತಿನ್ನುವಂಥದ್ದೇ. ಈ ಮಕ್ಕಳಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲವನ್ನು ಒಡೆಯುವ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ಅರ್ಧಕ್ಕೆ ನಿಂತ ಕಸ ಶೇಖರವಾಗಿ ಮಿದುಳಿಗೆ ಬೇಕಾದ ಬಿ6 ಅನ್ನು ಕಟ್ಟಿಹಾಕುತ್ತದೆ. ಮಿದುಳಿಗೆ ಬಿ6 ಸಿಗದೆ ಫಿಟ್ಸ್. ಯಾವ ಫಿಟ್ಸ್ ಔಷಧಕ್ಕೂ ಜಗ್ಗದ ಫಿಟ್ಸ್. 1954ರಲ್ಲೇ ವೈದ್ಯರು ಇಂತಹ ಮಗುವನ್ನು ವರದಿ ಮಾಡಿದ್ದರು, ಕಾರಣವಾದ ವಂಶವಾಹಿ ಪತ್ತೆಯಾದದ್ದು 2006ರಲ್ಲಿ. ಅಪರೂಪದ ಕಾಯಿಲೆ ನಿಜ. ಆದರೆ ಪರೀಕ್ಷಿಸಿ ನೋಡಲು ಬೇಕಾದದ್ದು ಕೆಲವೇ ರೂಪಾಯಿಯ ವಿಟಮಿನ್. ತಪ್ಪಿಸಿಕೊಂಡರೆ ಹೋಗುವುದು ಒಂದು ಜೀವ. ಎರಡನೆಯ ಸಾಲಿನ ಔಷಧಕ್ಕೂ ಫಿಟ್ಸ್ ನಿಲ್ಲದೆ, ಕಾರಣವೂ ತಿಳಿಯದ ಕೂಸಿಗೆ ಬಿ6 ಕೊಟ್ಟು ನೋಡಿ ಎಂದು ಅಂತರರಾಷ್ಟ್ರೀಯ ಅಪಸ್ಮಾರ ತಜ್ಞರ ಒಕ್ಕೂಟ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ನನ್ನ ಅಭಿಪ್ರಾಯವೂ ಅದೇ, ನಿಮ್ಮ ಮಗುವಿಗೆ ಈಗಾಗಲೇ ತಡವಾಗಿದೆ ಎಂದೇ ನನಗನಿಸುತ್ತದೆ.

ಇದರ ಅಪಾಯವನ್ನೂ ಕೇಳಿ. ವಿಟಮಿನ್ ತಾನೇ ಎಂದು ಮೆಡಿಕಲ್ ಅಂಗಡಿಯಿಂದ ತಂದು ಕೊಡುವಂಥದ್ದಲ್ಲ. ನಿಜವಾಗಿ ಈ ಕಾಯಿಲೆ ಇರುವ ಮಗುವಿಗೆ ಮೊದಲ ಡೋಸ್ ರಕ್ತನಾಳಕ್ಕೆ ಹೋದಾಗ ಫಿಟ್ಸ್ ಜೊತೆಗೆ ಉಸಿರೂ ನಿಂತುಹೋಗಬಹುದು, ಮಗು ಗಂಟೆಗಟ್ಟಲೆ ಗಾಢವಾಗಿ ಸುಸ್ತಾಗಬಹುದು. ಆದ್ದರಿಂದ ತೀವ್ರ ನಿಗಾ ಘಟಕದಲ್ಲಿ, ಯಂತ್ರ ಸಿದ್ಧವಿಟ್ಟುಕೊಂಡು, ಸಾಧ್ಯವಾದರೆ ಇಇಜಿ ಓಡುತ್ತಿರುವಾಗಲೇ ಕೊಡಬೇಕು. ಒಂದು ಡೋಸ್‌ಗೆ ಏನೂ ಆಗಲಿಲ್ಲ ಎಂದು ಬಿಟ್ಟುಬಿಡಬಾರದು, ಕೆಲವು ಮಕ್ಕಳು ನಿಧಾನವಾಗಿ ತಿರುಗುತ್ತಾರೆ. ಮೂರರಿಂದ ಐದು ದಿನ ಬಾಯಿಯ ಮೂಲಕ ಮುಂದುವರಿಸಬೇಕು. ಬಿ6ಗೆ ಬಗ್ಗದೆ ಅದರ ಇನ್ನೊಂದು ರೂಪವಾದ ಪಿರಿಡಾಕ್ಸಲ್ ಫಾಸ್ಫೇಟ್‌ಗೆ ಮಾತ್ರ ಬಗ್ಗುವ ಸೋದರ ಕಾಯಿಲೆಯೂ ಇದೆ. ಇವೆಲ್ಲ ಶುರುವಾಗುವ ಮೊದಲೇ ರಕ್ತ, ಮೂತ್ರದ ಮಾದರಿ ತೆಗೆದಿಟ್ಟುಕೊಳ್ಳಲಿ. ರಕ್ತದಲ್ಲಿ ಅಮೋನಿಯಾ, ಲ್ಯಾಕ್ಟೇಟ್ ಎಷ್ಟಿವೆ ಎಂದು ನೋಡಿದ್ದಾರೆಯೇ ಎಂದೂ ಕೇಳಿ. ಹುಟ್ಟಿದಾಗ ಚೆನ್ನಾಗಿದ್ದು ಹಾಲು ಕುಡಿದ ಎರಡು ಮೂರು ದಿನಕ್ಕೆ ಹದಗೆಡುವ ಮಕ್ಕಳಲ್ಲಿ ಚಯಾಪಚಯದ, ಅಂದರೆ ದೇಹ ಆಹಾರವನ್ನು ಒಡೆದು ಬಳಸುವ ಕ್ರಿಯೆಯ, ಇತರ ಹುಟ್ಟು ದೋಷಗಳೂ ಇರಬಹುದು, ಅವುಗಳ ದಾರಿ ಬೇರೆ.

ಇನ್ನೊಂದು ಸಾಧ್ಯತೆ, ನರಕೋಶದ ಸೋಡಿಯಂ, ಪೊಟ್ಯಾಸಿಯಂ ದ್ವಾರಗಳ ವಂಶವಾಹಿ ದೋಷ. ಅದೂ ಎರಡು ಮೂರನೆಯ ದಿನವೇ ಶುರುವಾಗುತ್ತದೆ. ಅಂಥವರಿಗೆ ಕಾರ್ಬಮಾಜೆಪಿನ್ ಎಂಬ ಹಳೆಯ, ಅಗ್ಗದ ಔಷಧ ಚೆನ್ನಾಗಿ ಹಿಡಿಯುತ್ತದೆ; ಫೆನಿಟಾಯಿನ್ ಅದೇ ಗುಂಪಿನದು. ನಿಮ್ಮ ಮಗು ಅರ್ಧ ದಿನ ಶಾಂತವಾಗಿದ್ದದ್ದು ಯಾವ ಔಷಧದ ನಂತರ ಎಂದು ನರ್ಸ್‌ಗಳ ಚಾರ್ಟ್ ನೋಡಿ ಗುರುತು ಹಾಕಿಕೊಳ್ಳಿ. ಫೆನಿಟಾಯಿನ್ ನಂತರವೇ ಆಗಿದ್ದರೆ ಅದು ಬೆಲೆಬಾಳುವ ಸುಳಿವು.

ಬೆಂಗಳೂರಿನ ಪ್ರಶ್ನೆ. ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್, ಆಂಬುಲೆನ್ಸ್‌ನಲ್ಲಿ ನಾಲ್ಕೂವರೆ ಐದು ಗಂಟೆ. ಮಿಡಾಜೊಲಾಮ್ ಡ್ರಿಪ್‌ನಲ್ಲಿರುವ ಮಗು ಹಿರಿಯೂರಿನ ಆಚೆ ಎಲ್ಲೋ ಉಸಿರು ನಿಲ್ಲಿಸಿದರೆ ಅಲ್ಲಿ ನೋಡುವವರು ಯಾರು? ಹಾಗಾಗಿ ನನ್ನ ಕ್ರಮ ಹೀಗೆ: ಬಿ6 ಪ್ರಯತ್ನ ಇಲ್ಲೇ ಆಗಲಿ, ಅದಕ್ಕಾಗಿ ಊರು ಬಿಡಬೇಕಿಲ್ಲ. ಎರಡು ದಿನದಲ್ಲಿ ಬದಲಾವಣೆ ಕಾಣದಿದ್ದರೆ, ಅಥವಾ ದಿನವಿಡೀ ಇಇಜಿ ಇಲ್ಲಿ ಸಾಧ್ಯವೇ ಇಲ್ಲದಿದ್ದರೆ, ಆಗ ಹೋಗಬೇಕು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸರ್ಕಾರದ್ದು. ಎಲ್ಲಿಗೇ ಹೋಗುವುದಾದರೂ ಮೊದಲೇ ಫೋನ್ ಮಾಡಿ ಹಾಸಿಗೆ ಇದೆ ಎಂದು ಖಚಿತವಾದ ಮೇಲೆ ಹೊರಡಿ. ಬಾಡಿಗೆ ಕಾರಿನಲ್ಲಿ, ಮಡಿಲಲ್ಲಿ ಮಲಗಿಸಿಕೊಂಡು ಹೋಗಬೇಡಿ. ಮಗು ಬೆಚ್ಚಗಿರಬೇಕು, ಸಕ್ಕರೆ ನೋಡಿರಬೇಕು, ಡ್ರಿಪ್ ಓಡುತ್ತಿರಬೇಕು, ಉಸಿರು ನಿಂತರೆ ಬ್ಯಾಗ್ ಒತ್ತಿ ಉಸಿರು ಕೊಡಬಲ್ಲ ತರಬೇತಾದವರು ಜೊತೆಗಿರಬೇಕು. ಕಾಯಿಲೆಯ ಎಳೆಗೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಣೆ ಎರಡೂ ಉಚಿತವಾಗಿ ಸಿಗಬೇಕೆಂದು 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವಿದೆ. ಅದನ್ನು ಕೇಳಿ ಪಡೆಯಿರಿ. ಹೋಗುವಾಗ ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ ಎಂಬ ಪೂರ್ತಿ ಪಟ್ಟಿ, ಎಂಆರ್‌ಐ ಸಿಡಿ ಮತ್ತು ನಿಮ್ಮ ಮೊಬೈಲ್‌ನಲ್ಲಿ ಚಿತ್ರಿಸಿದ ಫಿಟ್ಸ್‌ನ ವಿಡಿಯೊ ಕೈಯಲ್ಲಿರಲಿ. ಆ ಒಂದು ನಿಮಿಷದ ವಿಡಿಯೊ ಎರಡು ಪುಟದ ವರದಿಗಿಂತ ಹೆಚ್ಚು ಹೇಳುತ್ತದೆ.

ಬುದ್ಧಿ ಸರಿಯಿರುತ್ತದೆಯೇ ಎಂಬ ಪ್ರಶ್ನೆಗೆ ನೇರ ಉತ್ತರ, ಅದು ಫಿಟ್ಸ್‌ನ ಮೇಲೆ ನಿಲ್ಲುವುದಕ್ಕಿಂತ ಕಾರಣದ ಮೇಲೆ ನಿಲ್ಲುತ್ತದೆ. ಬೇಗ ಕಂಡುಹಿಡಿದ ಕ್ಯಾಲ್ಸಿಯಂ ಕೊರತೆಯ ಮಕ್ಕಳು ಎಲ್ಲರಂತೆ ಬೆಳೆಯುತ್ತಾರೆ. ಬಿ6 ಕಾಯಿಲೆಯೇ ಆಗಿದ್ದರೆ ಜೀವನಪೂರ್ತಿ ಬಿ6 ಬೇಕು, ಅದೂ ತೂಗಿ ಅಳೆದು. ಮಿತಿ ಮೀರಿದರೆ ಅದೇ ಕೈಕಾಲಿನ ನರಗಳಿಗೆ ಹಾನಿ ಮಾಡುತ್ತದೆ. ಫಿಟ್ಸ್ ಪೂರ್ತಿ ನಿಂತರೂ ಅನೇಕ ಮಕ್ಕಳಲ್ಲಿ ಮಾತು, ಕಲಿಕೆ ತಡವಾಗುತ್ತದೆ, ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಲೈಸಿನ್ ಕಡಿಮೆ ಇರುವ ಪಥ್ಯವನ್ನು ಬೇಗ ಶುರುಮಾಡಿದರೆ ಅನುಕೂಲವಾಗುತ್ತದೆ ಎಂಬ ಭರವಸೆ ಈಗಿದೆ. ಎಂಆರ್‌ಐ ಚೆನ್ನಾಗಿರುವುದು ಒಳ್ಳೆಯ ಸುದ್ದಿ. ಎಲ್ಲವೂ ಸರಿಯಿದೆ ಎಂಬ ಖಾತರಿ ಅಲ್ಲ. ಮನೆಗೆ ಹೋದ ಮೇಲೆ ಬೆಳವಣಿಗೆಯ ತಪಾಸಣೆ, ಬೇಕಾದರೆ ಫಿಸಿಯೊಥೆರಪಿ, ಇವನ್ನು ಮೊದಲ ತಿಂಗಳಿಂದಲೇ ಹಿಡಿಯಬೇಕು.

ಬೇರೆ ಓದುಗರಿಗೆ ಒಂದು ಮಾತು: ಹೆರಿಗೆಯ ಪೆಟ್ಟು, ಸಕ್ಕರೆ, ಕ್ಯಾಲ್ಸಿಯಂನಂತಹ ತಾತ್ಕಾಲಿಕ ಕಾರಣದ ಫಿಟ್ಸ್ ನಿಂತ ಮೇಲೆ ಔಷಧವನ್ನು ಆಸ್ಪತ್ರೆ ಬಿಡುವ ಮೊದಲೇ ನಿಲ್ಲಿಸಬಹುದು ಎಂಬುದು ಈಗಿನ ಸಲಹೆ. ಯಾರೂ ಮರುಪರಿಶೀಲಿಸದೆ ಒಂದು ವರ್ಷದಿಂದ ಫಿನೊಬಾರ್ಬಿಟೋನ್ ಕುಡಿಯುತ್ತಿರುವ ಮಕ್ಕಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ನಿಮ್ಮ ಮಗುವಿಗೆ ಅಂತಹ ಔಷಧವಿದ್ದರೆ ನೀವಾಗಿ ನಿಲ್ಲಿಸಬೇಡಿ, ಇನ್ನೆಷ್ಟು ದಿನ ಎಂದು ವೈದ್ಯರನ್ನು ಕೇಳಿ.

ಸಂಬಂಧದ ಮದುವೆಯ ಬಗ್ಗೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ವಂಶವಾಹಿಗಳಲ್ಲಿ ಸರಾಸರಿ ಕಾಲುಭಾಗ ಒಂದೇ ಮೂಲದ್ದು. ನಮ್ಮೆಲ್ಲರಲ್ಲೂ ಒಂದೆರಡು ದೋಷದ ವಂಶವಾಹಿಗಳು ಸುಮ್ಮನೆ ಮಲಗಿರುತ್ತವೆ. ತಂದೆ, ತಾಯಿ ಇಬ್ಬರಿಂದಲೂ ಅದೇ ದೋಷ ಬಂದು ಸೇರಿದಾಗ ಮಾತ್ರ ಮಗುವಿಗೆ ಕಾಯಿಲೆ. ಹಾಗಾಗಿ ಅದು ನಿಮ್ಮಿಂದ ಎಷ್ಟು ಬಂದಿದೆಯೋ ನಿಮ್ಮ ಹೆಂಡತಿಯಿಂದಲೂ ಅಷ್ಟೇ, ಇಬ್ಬರದೂ ಅಪರಾಧವಲ್ಲ. ಇಂತಹ ಕಾಯಿಲೆಯಾದರೆ ಪ್ರತಿ ಬಸುರಿಯಲ್ಲೂ ನಾಲ್ಕರಲ್ಲೊಂದು ಪಾಲು ಮರುಕಳಿಸುವ ಸಂಭವವಿದೆ. ಅದಕ್ಕೇ ವಂಶವಾಹಿ ಪರೀಕ್ಷೆಗೆ ಹಣ ಹೊಂದಿಸಿ ಎನ್ನುತ್ತೇನೆ. ಫಲಿತಾಂಶ ವಾರಗಟ್ಟಲೆ ತಡವಾಗುತ್ತದೆ, ಚಿಕಿತ್ಸೆ ಅದಕ್ಕೆ ಕಾಯಬಾರದು. ಆದರೆ ದೋಷ ಯಾವುದೆಂದು ಗೊತ್ತಾದರೆ ಮುಂದಿನ ಬಸುರಿಯ ಮೂರನೆಯ ತಿಂಗಳಲ್ಲೇ ಪರೀಕ್ಷಿಸಬಹುದು, ಬಿ6 ಕಾಯಿಲೆಯಾದರೆ ಹುಟ್ಟಿದ ಗಳಿಗೆಯಿಂದಲೇ ಔಷಧ ಶುರುಮಾಡಬಹುದು. ಮೊದಲ ಮಗುವಿನ ಆಸ್ಪತ್ರೆ ಚೀಟಿಗಳು ಮನೆಯಲ್ಲಿ ಉಳಿದಿದ್ದರೆ ಹುಡುಕಿ ತೆಗೆಯಿರಿ. ನೋಡಲು ಕಷ್ಟವಾಗುತ್ತದೆ, ಗೊತ್ತು. ಆ ಮಗುವಿಗೆ ಫಿಟ್ಸ್ ಯಾವ ದಿನ ಶುರುವಾಯಿತು, ಏನು ಕೊಟ್ಟರು ಎಂಬುದು ಈ ಮಗುವಿಗೆ ನೆರವಾಗಬಹುದು.

ನಿಮ್ಮ ಅಕ್ಕನವರಿಗೆ ಕೆಲಸ ಕೊಡುತ್ತೇನೆ ಎಂದಿದ್ದೆ. ನಿಮ್ಮ ಹೆಂಡತಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಹಾಲು ಹಿಂಡಬೇಕು. ಇಲ್ಲದಿದ್ದರೆ ಮಗು ಕುಡಿಯುವ ಹೊತ್ತಿಗೆ ಹಾಲು ಬತ್ತಿರುತ್ತದೆ. ಅವಳನ್ನು ಎಬ್ಬಿಸುವುದು, ಬಿಸಿ ಊಟ ಕೊಡುವುದು, ಕುದಿಸಿದ ಬಟ್ಟಲಿನಲ್ಲಿ ಹಿಂಡಿದ ಹಾಲನ್ನು ವಾರ್ಡಿಗೆ ತಲುಪಿಸುವುದು ಅಜ್ಜಿಯ ಕೆಲಸವಾಗಲಿ. ಅದನ್ನು ಅವರಷ್ಟು ಚೆನ್ನಾಗಿ ಯಾರೂ ಮಾಡಲಾರರು.

ನಿನ್ನೆ ಸಂಜೆ ನಿಮ್ಮ ವೈದ್ಯರು ಮತ್ತೆ ಫೋನ್ ಮಾಡಿದ್ದರು. ಮಾದರಿಗಳನ್ನು ತೆಗೆದಿಟ್ಟಾಗಿದೆ, ಬಿ6ನ ಮೊದಲ ಡೋಸ್‌ಗೆ ಸಿದ್ಧತೆ ನಡೆದಿದೆ ಎಂದರು. ಆ ಮಾದರಿಯ ಬಾಟಲಿಗಳ ಮೇಲೆ ಈಗ ಇರುವುದು ತಾಯಿಯ ಹೆಸರು ಮತ್ತು 'ಮಗು' ಎಂಬ ಪದ ಮಾತ್ರ. ಹೆಸರಿಡಬಹುದೇ ಎಂದು ಕೇಳಿದ್ದೀರಿ. ಇಡಿ. ತೊಟ್ಟಿಲು, ನೆಂಟರು ಆಮೇಲೆ ಬರಲಿ. ಇಂದು ನಿಮ್ಮ ಹೆಂಡತಿಯನ್ನು ಒಳಗೆ ಕರೆದುಕೊಂಡು ಹೋಗಿ, ಕೈ ತೊಳೆದು, ಮಗುವಿನ ಅಂಗೈಯಲ್ಲಿ ಬೆರಳಿಟ್ಟು ಅವಳೇ ಹೆಸರು ಕರೆಯಲಿ. ನರ್ಸ್‌ಗೆ ಹೇಳಿದರೆ ಫೈಲಿನ ಮೇಲೂ ಬರೆದುಕೊಳ್ಳುತ್ತಾರೆ.